ಸತ್ತ ಕುಶನ್

ಮಾರ್ಚ್ 3, ಸೋಮವಾರ

ನಾಲ್ಕನೇ ಲೈನಿನಲ್ಲಿ ನಲವತ್ತೆರಡು ವ್ಯಾಗನ್. ಒಂದೊಂದಕ್ಕೆ ಎರಡು ತುದಿ. ಎಂಬತ್ತನಾಲ್ಕು ಸಲ ಬಗ್ಗು, ಗಾಡಿ ಜೋಡಿಸುವ ಕೊಕ್ಕೆಗೆ, ಅಂದರೆ ಕಪ್ಲರಿಗೆ, ಅಳತೆಯ ಗೇಜ್ ಇಡು, ಸುತ್ತಿಗೆಯಿಂದ ತಟ್ಟು, ಸೀಮೆಸುಣ್ಣದಲ್ಲಿ ಗೀಚು. ಸರಿಯಿದ್ದರೆ ಗೆರೆ. ಇಲ್ಲದಿದ್ದರೆ 'ಸಿಕ್', ಅಂದರೆ ರಿಪೇರಿಗೆ. ಹದಿನೇಳನೆಯದಕ್ಕೆ ಸಿಕ್ ಬರೆದೆ. ಕೊಕ್ಕೆಯ ಒಳಮೈ ಮೂರು ಮಿಲಿಮೀಟರ್ ಸವೆದಿತ್ತು. ಯಾರ್ಡ್ ಮಾಸ್ಟರ್ ಮುಖ ಹುಳ್ಳಗೆ ಮಾಡಿದ.

"ಮೂರು ಮಿಲಿಮೀಟರ್ರಿಗೆಲ್ಲಾ ಗಾಡಿ ನಿಲ್ಲಿಸ್ತೀರಲ್ಲ ಸಾರ್. ನಿಮ್ಮ ಕೈಗೆ ಸಿಕ್ಕಿದ್ದೆಲ್ಲಾ ಆಸ್ಪತ್ರೆಗೇ."

ಹೇಳಿಕೊಳ್ಳಲಿ. ಇಪ್ಪತ್ತೊಂಬತ್ತು ವರ್ಷದಿಂದ ವ್ಯಾಗನ್ ಎಕ್ಸಾಮಿನರ್. ನನ್ನ ಗೆರೆ ಬಿದ್ದ ಗಾಡಿ ಒಂದೇ ಒಂದು ದಾರಿಯಲ್ಲಿ ಕಳಚಿಕೊಂಡಿದ್ದಿಲ್ಲ. ಬೆನ್ನ ಹಿಂದೆ ನನ್ನನ್ನು 'ಗೇಜು' ಅನ್ನುತ್ತಾರೆ. ಬೈಗುಳ ಎಂದುಕೊಂಡಿದ್ದಾರೆ ಪಾಪ.

ಮಾರ್ಚ್ 6, ಗುರುವಾರ. ಸಂಜೆ

ಮನೆಗೆ ಬಂದರೆ ಬಾಗಿಲಲ್ಲಿ ಎಣ್ಣೆ ಮೆತ್ತಿದ ಬೂಟು. ನನ್ನ ಸೈಜಲ್ಲ. ಒಳಗೆ, ನನ್ನ ಕುರ್ಚಿಯಲ್ಲಿ — 'ಮೆತ್ತಗೆ'.

ನಮ್ಮ ಯಾರ್ಡಿನ ಶಂಟರ್ ಅವನು. ಎಂಜಿನ್ ತಳ್ಳಿಕೊಂಡು ಬರುವ ವ್ಯಾಗನ್ನನ್ನು ನಿಂತ ವ್ಯಾಗನ್ನಿಗೆ ತಾಗಿಸಿ ಜೋಡಿಸುವುದು ಅವನ ಕೆಲಸ. ವಾಕಿಟಾಕಿಯಲ್ಲಿ ಡ್ರೈವರಿಗೆ "ಮೆತ್ತಗೆ... ಮೆತ್ತಗೆ" ಎಂದು ಹೇಳಿ ಹೇಳಿ ಹೆಸರೇ ಅದಾಗಿದೆ. ಅವನು ಜೋಡಿಸಿದರೆ ವ್ಯಾಗನ್ ಮೇಲಿಟ್ಟ ಟೀ ತುಳುಕುವುದಿಲ್ಲವಂತೆ. ಯಾರ್ಡಿನವರು ಹೇಳುವುದು. ನಾನು ಟೀ ಇಟ್ಟು ನೋಡಿಲ್ಲ.

ಮಗಳು ಕರೆದುಕೊಂಡು ಬಂದಿದ್ದಾಳೆ. ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂರುವವಳು, ಅಲ್ಲಿ ಪರಿಚಯವಂತೆ. ನಾನು ಬಂದಾಗ ಎದ್ದು ನಿಂತ. ನನ್ನ ಕುರ್ಚಿ ಬಿಸಿಯಾಗಿತ್ತು.

ನನ್ನ ಹೆಂಡತಿ, ಇವಳಿಗೆ ಎಲ್ಲಿಲ್ಲದ ಕುತೂಹಲ. "ಅಲ್ಲಪ್ಪಾ, ಅಷ್ಟು ದೊಡ್ಡ ಗಾಡಿಗಳು ಢಿಕ್ಕಿ ಹೊಡ್ಕೊಂಡ್ರೂ ಒಳಗಿನ ಸಾಮಾನು ಯಾಕೆ ಪುಡಿಯಾಗಲ್ಲ?"

"ಅಮ್ಮಾ, ನೀವು ಮೆಟ್ಟಿಲಿಂದ ಕೆಳಕ್ಕೆ ಹಾರಿದ್ರೆ ಮಂಡಿ ಮಡಿಸ್ತೀರಲ್ವಾ?"

"ಈ ವಯಸ್ಸಲ್ಲಿ ನನ್ನ ಹಾರಿಸ್ಬೇಡಪ್ಪಾ!"

"ಮಡಿಸ್ದೆ ನೆಟ್ಟಗೆ ಇಳಿದ್ರೆ ಹಲ್ಲು ಕಟಕ್ ಅನ್ನುತ್ತೆ. ಗಾಡಿಗೂ ಕಪ್ಲರ್ ಹಿಂದೆ ಒಂದು ಮಂಡಿ ಇದೆ. ಅದೇ ಕುಶನ್." ಸ್ಟೂಲ್ ಹತ್ತಿ ಎರಡು ಥರ ಹಾರಿಯೂ ತೋರಿಸಿದ. ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳ ಕಣ್ಣಲ್ಲಿ ನೀರು ಬರುವಷ್ಟು ನಗು.

ನಾನು ತಿದ್ದಿದೆ. "ಮಂಡಿ ಅಲ್ಲ. ಸಿಲಿಂಡರ್. ಒಳಗೆ ಎಣ್ಣೆ. ಹೊಡೆತ ಬಿದ್ದಾಗ ಕಪ್ಲರ್ ಒಳಕ್ಕೆ ಹೋಗುತ್ತೆ, ಎಣ್ಣೆ ಸಣ್ಣ ತೂತುಗಳಲ್ಲಿ ತೂರ್ಕೊಂಡು ಹೋಗ್ಬೇಕು. ಹೊಡೆತದ ಶಕ್ತಿ ಅಲ್ಲೇ ಬಿಸಿಯಾಗಿ ಕರಗುತ್ತೆ. ಆಮೇಲೆ ಒಳಗಿರೋ ಗ್ಯಾಸು ಕಪ್ಲರನ್ನ ನಿಧಾನಕ್ಕೆ ಹೊರಗೆ ತಳ್ಳುತ್ತೆ."

ಯಾರೂ ನಗಲಿಲ್ಲ. ನಗುವಂಥದ್ದೂ ಇರಲಿಲ್ಲ. ಇವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಮದುವೆಯಾಗಿ ಮೂವತ್ತು ವರ್ಷ. ನಿಮ್ಮ ಕೆಲಸ ಏನು ಎಂದು ಒಂದು ದಿನ ಕೇಳಿದವಳಲ್ಲ.

ಮಾರ್ಚ್ 14, ಶುಕ್ರವಾರ

ಊಟದ ಹೊತ್ತಿಗೆ ಮಗಳು ಹೇಳಿದಳು. ಜೂನ್‌ನಲ್ಲಿ ಮದುವೆ ರಿಜಿಸ್ಟರ್ ಮಾಡಿಸಿಕೊಳ್ಳುತ್ತಾರಂತೆ. ಕೇಳಿದ್ದಲ್ಲ, ಹೇಳಿದ್ದು.

ಆಗುವುದಿಲ್ಲ ಅಂದೆ. ಶಂಟರ್. ಇವತ್ತು ಗಾಡಿಗಳ ಮಧ್ಯೆ ನಿಂತಿರುತ್ತಾನೆ, ನಾಳೆ ಗಾಡಿಗಳ ಕೆಳಗಿರುತ್ತಾನೆ.

"ಅವನೂ ಕಪ್ಲರ್ ಹತ್ರನೇ ನಿಲ್ಲೋದು, ನೀವೂ ಕಪ್ಲರ್ ಹತ್ರನೇ ಬಗ್ಗೋದು," ಅಂದಳು ಇವಳು. "ಏನ್ರೀ, ಅಳಿಯನಿಗೂ ಗೇಜ್ ಇಟ್ಟು ನೋಡ್ತೀರಾ?"

ಮಗಳು ಪಕ್ಕನೆ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಿಲ್ಲಲಿಲ್ಲ. ಇಬ್ಬರೂ ಸೇರಿ ನಕ್ಕರು. ಈ ಮನೆಯಲ್ಲಿ ನನ್ನ ಮಾತಿಗೆ ನಕ್ಕಿದ್ದು ನೆನಪಿಲ್ಲ. ನನ್ನನ್ನು ನೋಡಿ ನಗುವುದು ಮಾತ್ರ ಇತ್ತೀಚೆಗೆ ಶುರು. ಅವನು ಕಲಿಸಿದ್ದು.

ಊಟ ಬಿಟ್ಟು ಎದ್ದೆ. ಯಾರೂ ಕೂರಿಸಲಿಲ್ಲ.

ಅವನು ಈ ಮನೆಗೆ ಬರಬಾರದು. ಅಷ್ಟೇ.

ಮಾರ್ಚ್ 19, ಬುಧವಾರ. ಮಧ್ಯಾಹ್ನ 2

ಎರಡನೇ ಲೈನಿಗೆ ಗಾಜಿನ ವ್ಯಾಗನ್ ಬಂದಿದೆ. ಒಳಗೆ ಆಳೆತ್ತರದ ಗಾಜಿನ ಹಾಳೆಗಳು, ಮರದ ಚೌಕಟ್ಟಿನಲ್ಲಿ ನಿಲ್ಲಿಸಿದ್ದು. ನಾಜೂಕಿನ ಸರಕು, ಹಾಗಾಗಿ ಉದ್ದದ ಕುಶನ್ ಇರುವ ವ್ಯಾಗನ್. ಚೌಕಟ್ಟಿಗೆ ಒಂದು ಕಪ್ಪು ಡಬ್ಬಿ ಬಿಗಿದಿದ್ದಾರೆ. ಶಾಕ್ ರೆಕಾರ್ಡರ್. ಎಷ್ಟು ಹೊಡೆತ ಬಿತ್ತು, ಯಾವ ಗಂಟೆ ಯಾವ ನಿಮಿಷಕ್ಕೆ ಬಿತ್ತು, ಎಲ್ಲಾ ಬರೆದಿಡುತ್ತದೆ. ವೇಗವನ್ನು ಬರೆಯುವುದಿಲ್ಲ. ಹೊಡೆತ ಮಾತ್ರ.

ಮುಂದಿನ ತುದಿ ಸರಿಯಿದೆ. ಹಿಂದಿನ ತುದಿಗೆ ಹೋಗಿ ಬಗ್ಗಿ ನೋಡಿದೆ. ಕಪ್ಲರ್ ವ್ಯಾಗನ್ನಿನ ಚೌಕಟ್ಟಿನಿಂದ ಇನ್ನೂರೈವತ್ತು ಮಿಲಿಮೀಟರ್ ಹೊರಗಿರಬೇಕು. ಇದ್ದದ್ದು ಎಪ್ಪತ್ತು. ಕೆಳಗೆ ಸಿಲಿಂಡರಿನ ಮೈಯೆಲ್ಲಾ ಎಣ್ಣೆಯ ಕಲೆ, ಅದರ ಮೇಲೆ ಧೂಳು ಗಟ್ಟಿಯಾಗಿ ಕೂತಿದೆ. ಎಣ್ಣೆ ಸೋರಿಹೋಗಿ, ದಂಡ ಬಾಗಿ, ಕಪ್ಲರ್ ಒಳಗೇ ಸಿಕ್ಕಿಕೊಂಡಿದೆ. ಗ್ಯಾಸ್ ಮಾತ್ರ ಒಳಗಿನಿಂದ ಒತ್ತುತ್ತಲೇ ಇರುತ್ತದೆ. ಸತ್ತ ಕುಶನ್. ಇನ್ನು ಅದು ಕುಶನ್ ಅಲ್ಲ, ಕಬ್ಬಿಣದ ತುಂಡು. ತಾಗಿದ್ದು ತಾಗಿದ ಹಾಗೇ ಗಾಜಿಗೆ ಹೋಗುತ್ತದೆ.

ಕೈ ಸೀಮೆಸುಣ್ಣಕ್ಕೆ ಹೋಯಿತು. 'ಸಿ' ಎಂದು ಬರೆದೂ ಆಗಿತ್ತು.

ನಾಳೆ ಬೆಳಿಗ್ಗೆ ಈ ವ್ಯಾಗನ್ನನ್ನು ಹಿಂದಿನ ತುದಿಯಿಂದ ಆರನೇ ಲೈನಿನ ಸಾಲಿಗೆ ಜೋಡಿಸಬೇಕು. ಬೋರ್ಡ್ ನೋಡಿದೆ. ಬೆಳಗಿನ ಶಿಫ್ಟಿನ ಶಂಟರ್ — ಮೆತ್ತಗೆ.

'ಸಿ'ಯನ್ನು ತೋಳಿನಿಂದ ಒರೆಸಿದೆ. ಗೆರೆ ಎಳೆದೆ. ಫಾರಂನಲ್ಲಿ ಕುಶನ್ ಅಳತೆಯ ಕಾಲಂ: ಇನ್ನೂರೈವತ್ತು. ಸಹಿ. ಬರೆದದ್ದು ಮುತ್ತಿನಂತಿತ್ತು.

ಮಾರ್ಚ್ 20, ಗುರುವಾರ

ನೋಡಲು ಹೋಗಿದ್ದೆ. ಆರನೇ ಲೈನಿನಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೂ ಹೋದೆ.

ಎಂಜಿನ್ ವ್ಯಾಗನ್ನನ್ನು ತಳ್ಳಿಕೊಂಡು ಬಂತು. ಮೆತ್ತಗೆ ಪಕ್ಕದಲ್ಲೇ ನಡೆಯುತ್ತಿದ್ದ. ಓಡುತ್ತಿರಲಿಲ್ಲ, ನಡೆಯುತ್ತಿದ್ದ. ಗಾಡಿಯೂ ಅವನ ನಡಿಗೆಗೇ ಬರುತ್ತಿತ್ತು. "ಹತ್ತು ಮೀಟರ್... ಐದು... ಮೆತ್ತಗೆ ಅಣ್ಣಾ... ಎರಡು..." ತಪ್ಪು ಹುಡುಕಿದೆ. ಸಿಗಲಿಲ್ಲ. ಎದುರಿಗೆ ನಿಂತದ್ದು ಹಳೇ ವ್ಯಾಗನ್. ಅದರ ಕಪ್ಲರ್ ಹಿಂದೆ ಇದ್ದದ್ದು ಅಂಗೈ ಅಗಲದ ಸ್ಪ್ರಿಂಗ್, ಅಷ್ಟೇ.

ತಾಗಿತು. ಮೆತ್ತಗೆಯ ಕೈಯಲ್ಲಿ ಯಾವತ್ತೂ ಬಾರದ ಸದ್ದು ಬಂತು. ಹಿಂದೆಯೇ ಒಳಗಿನಿಂದ ಇನ್ನೊಂದು ಸದ್ದು — ತುಂಬ ಹೊತ್ತು ನಿಲ್ಲಲಿಲ್ಲ ಅದು. ಒಂದು ಹಾಳೆ ಬಿದ್ದು ಇನ್ನೊಂದರ ಮೇಲೆ, ಅದು ಮತ್ತೊಂದರ ಮೇಲೆ. ವ್ಯಾಗನ್ನಿನ ಬಾಗಿಲ ಸಂದಿಯಿಂದ ಗಾಜಿನ ಪುಡಿ ಸುರಿಯಿತು.

ಅವನು ವಾಕಿಟಾಕಿ ಹಿಡಿದುಕೊಂಡು ಹಾಗೇ ನಿಂತಿದ್ದ. ಆಮೇಲೆ ಬಗ್ಗಿ ಕಪ್ಲರ್ ನೋಡಿದ. ಬಹಳ ಹೊತ್ತು ನೋಡಿದ. ಕೊನೆಗೆ ಎದ್ದು, ಮಂಡಿಯ ಧೂಳು ಕೊಡವಿಕೊಂಡ. ಶಂಟರಿಗೆ ಕುಶನ್ ಅಳತೆ ಎಲ್ಲಿಂದ ಗೊತ್ತಾಗಬೇಕು.

ಮನೆಯಲ್ಲಿ ಎರಡು ಸಲ ಬಡಿಸಿಕೊಂಡೆ. "ಏನಿವತ್ತು ಹಸಿವು ಜೋರು," ಅಂದಳು ಇವಳು.

ಮಾರ್ಚ್ 28, ಶುಕ್ರವಾರ. ಸಂಜೆ 5

ವಿಚಾರಣೆ ಮುಗಿಯಿತು. ಯಾರ್ಡ್ ಆಫೀಸಿನ ಮೇಲಿನ ಕೋಣೆ. ಉದ್ದನೆ ಮೇಜು, ಫ್ಯಾನಿಗೆ ಕಾಗದ ಹಾರದಂತೆ ನಟ್ಟು ಬೋಲ್ಟು ಇಟ್ಟಿದ್ದರು. ವಿಚಾರಣಾಧಿಕಾರಿ ಹೊರಗಿನಿಂದ ಬಂದವರು. ರೆಕಾರ್ಡರಿನ ಕಾಗದ ಬಿಚ್ಚಿದರು. ವ್ಯಾಗನ್ ಆಗಲೇ ಯಾರ್ಡ್ ಬಿಟ್ಟು ಹೋಗಿತ್ತು, ಮೇಜಿನ ಮೇಲಿದ್ದದ್ದು ನನ್ನ ಫಾರಂ. ಕುಶನ್ ಸರಿಯಿದ್ದೂ ಇಷ್ಟು ಹೊಡೆತ ಬಿದ್ದಿದೆ ಎಂದರೆ ಗಾಡಿ ಹದಿನಾಲ್ಕು ಕಿಲೋಮೀಟರ್ ವೇಗದಲ್ಲಿ ಬಂದಿರಬೇಕು. ಇರಬೇಕಾದದ್ದು ಐದು. ಲೆಕ್ಕ ಸರಿಯೇ ಇದೆ. ಕುಶನ್ ಸರಿಯಿದ್ದರೆ.

ಆ ಹಳೇ ಎಂಜಿನ್ನಿಗೆ ವೇಗ ಬರೆದಿಡುವ ಯಂತ್ರವಿಲ್ಲ. ಡ್ರೈವರ್ ಜಾಣ. "ಶಂಟರ್ ಹೇಳಿದ ವೇಗದಲ್ಲೇ ಬಂದೆ ಸಾರ್" ಎಂದು ಜಾರಿಕೊಂಡ.

ನನ್ನ ಸರದಿ. "ಕುಶನ್ ನೀವೇ ಅಳೆದ್ರಾ?" "ನಾನೇ." "ಸರಿ ಇತ್ತಾ?" "ಫಾರಂನಲ್ಲಿದೆ ಸಾರ್." "ಅನುಮಾನ ಏನಾದ್ರೂ?" ನಾನು ಉತ್ತರಿಸುವ ಮೊದಲೇ ಯಾರ್ಡ್ ಮಾಸ್ಟರ್ ಬಾಯಿ ಹಾಕಿದ. "ಇವರ ಗೇಜ್ ಮೇಲೆ ಅನುಮಾನ ಪಡೋ ಹಾಗಿಲ್ಲ ಸಾರ್. ಮೂರು ಮಿಲಿಮೀಟರ್ರಿಗೆ ಗಾಡಿ ನಿಲ್ಲಿಸೋ ಮನುಷ್ಯ."

ಹೊಗಳಿಕೆ ಬರುವ ಹೊತ್ತು ನೋಡಿ.

ಕೊನೆಗೆ ಮೆತ್ತಗೆಯನ್ನು ಕೇಳಿದರು. ಅವನು ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಮೇಜಿನ ಮೇಲಿದ್ದ ಬೋಲ್ಟ್ ನೋಡುತ್ತಾ, "ನನ್ನ ಅಂದಾಜು ತಪ್ಪಿರ್ಬಹುದು ಸಾರ್" ಅಂದ. ಜಗಳವಾಡುತ್ತಾನೆ ಎಂದುಕೊಂಡಿದ್ದೆ. ಇಷ್ಟು ಸುಲಭವಾಗಿ ಮುರಿಯುತ್ತಾನೆಂದು ಗೊತ್ತಿರಲಿಲ್ಲ. ಸ್ವಲ್ಪ ನಿರಾಸೆಯೂ ಆಯಿತು, ಸುಳ್ಳೇಕೆ.

ಏಪ್ರಿಲ್ 2, ಬುಧವಾರ

ಶಂಟಿಂಗ್‌ನಿಂದ ತೆಗೆದಿದ್ದಾರೆ. ಇನ್ನು ಸಿಕ್ ಲೈನಿನಲ್ಲಿ ಕೂಲಿ ಕೆಲಸ — ಕೆಟ್ಟ ವ್ಯಾಗನ್‌ಗಳ ಬೋಲ್ಟ್ ಬಿಚ್ಚು, ಗ್ರೀಸ್ ಒರೆಸು. ನನ್ನ ಕೈಕೆಳಗೆ.

ಮಗಳು ಅತ್ತು ಮುಖ ಊದಿಸಿಕೊಂಡಿದ್ದಳು. "ಅಪ್ಪಾ, ನೀವೊಂದು ಮಾತು ಹೇಳ್ಬಹುದಿತ್ತಲ್ವಾ."

"ಏನಂತ? ಹೊಡೆತ ಬಿದ್ದೇ ಇಲ್ಲ ಅಂತಲಾ?"

"ಅವನು ಯಾವತ್ತಾದ್ರೂ ಜೋರಾಗಿ ತಾಗಿಸಿದ್ದು ನೀವು ನೋಡಿದೀರಾ?"

"ಅವತ್ತು ನೋಡಿದೆ."

ಎದ್ದು ಹೋದಳು. ಸರಿ, ಮುಗಿಯಿತು ಎಂದುಕೊಂಡೆ. ಅರ್ಧ ಗಂಟೆ ಬಿಟ್ಟು ಇವಳು ಬಂದು ಹೇಳಿದಳು: ಜೂನ್ ಜೂನೇ, ಬದಲಿಲ್ಲ. ಕೂಲಿಯಾದರೂ ಅವನೇ ಬೇಕಂತೆ. ಹೇಳುವಾಗ ಇವಳ ಮುಖದಲ್ಲಿ ಹೆಮ್ಮೆ ಇತ್ತು.

ಇಷ್ಟೆಲ್ಲಾ ಮಾಡಿ ಕೈಗೆ ಬಂದದ್ದು ಸೊನ್ನೆ.

ಮೇ 12, ಸೋಮವಾರ

ನಲವತ್ತು ದಿನ ಇದನ್ನು ಮುಟ್ಟಿರಲಿಲ್ಲ. ಬರೆಯುವಂಥದ್ದಿರಲಿಲ್ಲ. ಸಿಕ್ ಲೈನಿನಲ್ಲಿ ಅವನಿಗೆ ಹೊಲಸು ಕೆಲಸವನ್ನೇ ಕೊಡುತ್ತಾ ಬಂದೆ. ಸುಮ್ಮನೆ ಮಾಡುತ್ತಾನೆ. ಅಲ್ಲಿನವರಿಗೂ ಆಗಲೇ ಅವನನ್ನು ಕಂಡರೆ ಪ್ರೀತಿ. ಎಲ್ಲಿ ಹೋದರೂ ಇದೇ ಕಾಟ.

ಇವತ್ತು ಬಂದ ಗಾಡಿಗಳ ಪಟ್ಟಿ ನೋಡುವಾಗ ಕಣ್ಣು ಒಂದು ನಂಬರಿನ ಮೇಲೆ ನಿಂತಿತು. ಗಾಜಿನ ವ್ಯಾಗನ್. ಖಾಲಿ. ವಾರ್ಷಿಕ ತಪಾಸಣೆಗೆ ಬಂದಿದೆ. ಹೋಗಿ ಬಗ್ಗಿ ನೋಡಿದೆ. ಹಿಂದಿನ ತುದಿ — ಎಪ್ಪತ್ತೇ. ಈ ನಡುವೆ ಇನ್ನೊಬ್ಬನೂ ಸರಿಯಾಗಿ ಅಳೆದಿಲ್ಲ. ಅಯೋಗ್ಯರು.

ಗುರುವಾರ ಇದನ್ನು ಬಿಚ್ಚಿ ನೋಡುವುದು ಇನ್ನೊಬ್ಬ ಎಕ್ಸಾಮಿನರ್. ಹೊಸಬ, ಚುರುಕು. ಎಣ್ಣೆಯ ಕಲೆ ಎಷ್ಟು ಹಳೆಯದು ಎಂದು ನೋಡಿದ ತಕ್ಷಣ ಹೇಳುತ್ತಾನೆ. ಫಾರಂ ತೆಗೆಯುತ್ತಾನೆ. ಮಾರ್ಚ್ ಹತ್ತೊಂಬತ್ತು, ಇನ್ನೂರೈವತ್ತು, ನನ್ನ ಸಹಿ.

ಗುರುವಾರದೊಳಗೆ ಆ ಕುಶನ್ ಯೂನಿಟ್ ಬದಲಾಗಿ, ಹಳೆಯದು ಗುಜರಿಗೆ ಸೇರಿರಬೇಕು.

ಮೇ 14, ಬುಧವಾರ. ಸಂಜೆ 6, ಆಸ್ಪತ್ರೆ

ಅಪಘಾತ. ಮೆತ್ತಗೆ. ಕಪ್ಲರಿಗೂ ಲೈನಿನ ತುದಿಯ ಸ್ಟಾಪ್ ಬ್ಲಾಕಿಗೂ ನಡುವೆ ಸಿಕ್ಕಿಬಿದ್ದ. ಸೊಂಟ. ಬದುಕಿದ್ದಾನೆ. ಮಗಳು ಆಪರೇಷನ್ ಬಾಗಿಲ ಮುಂದೆ ಕೂತಿದ್ದಾಳೆ.

ಚೈನ್ ಹಾಕಲು ಮರೆತೆ.

ಮೇ 17, ಶನಿವಾರ

ರಿಪೋರ್ಟ್ ಬರೆದುಕೊಟ್ಟೆ. 'ಕೆಲಸಕ್ಕೆ ಮೊದಲು ಸುರಕ್ಷತಾ ಚೈನ್ ಹಾಕಲು ಸೂಚಿಸಲಾಗಿತ್ತು. ಕೆಲಸಗಾರನು ಸೂಚನೆ ಪಾಲಿಸದೆ ನಡುವೆ ಪ್ರವೇಶಿಸಿದನು.' ಎರಡು ಸಾಲು. ಕೆಳಗೆ ಅವನ ಸಹಿಯೂ ಬೇಕಂತೆ. ಯಾರ್ಡ್ ಮಾಸ್ಟರ್ ಆಸ್ಪತ್ರೆಗೆ ಒಯ್ದ. ಮಲಗಿಕೊಂಡೇ ಓದಿದನಂತೆ. ಎರಡು ಸಲ ಓದಿ ಸಹಿ ಹಾಕಿದನಂತೆ.

ಹಳೇ ಯೂನಿಟ್ ಗುಜರಿಗೆ ಹೋಯಿತು. ಹೋಗುವ ಮೊದಲು ಅಳೆದೆ. ಕಪ್ಲರ್ ಈಗ ಪೂರ್ತಿ ಹೊರಗೆ. ಇನ್ನೂರೈವತ್ತು. ಮಾರ್ಚ್‌ನಲ್ಲಿ ನಾನು ಬರೆದದ್ದು ಈಗ ನಿಜವಾಯಿತು.

ಜೂನ್ 8, ಭಾನುವಾರ

ಚೈನ್ ಮರೆಯಲಿಲ್ಲ. ಇಲ್ಲಿ ಯಾರಿಗಾಗಿ ಸುಳ್ಳು ಬರೆದೆನೋ.

ಆವತ್ತು ಊಟದ ಬಿಡುವಿನಲ್ಲಿ ಅವನೊಬ್ಬನನ್ನೇ ಕರೆದೆ. ಬೇರೆಯವರಾದರೆ ಯಾಕೆ ಈಗ, ಯಾಕೆ ಇದು ಎಂದು ಕೇಳುತ್ತಾರೆ. ಅವನು ಕೇಳುವುದಿಲ್ಲ. "ಬಂದೆ ಮಾವ" ಅಂದ. ಯಾರ್ಡಿನಲ್ಲಿ ಹಾಗೆ ಕರೆದದ್ದು ಅದೇ ಮೊದಲು. ಮೈ ಉರಿಯಿತು.

ಸಿಕ್ಕಿಕೊಂಡ ಕುಶನ್ನಿಗೆ ಕೈ ಹಾಕುವ ಮೊದಲು ಕಪ್ಲರಿಗೆ ಚೈನ್ ಬಿಗಿಯಬೇಕು. ಒಳಗಿನ ಗ್ಯಾಸ್ ಯಾವಾಗ ಅದನ್ನು ಹೊರಗೆ ನೂಕುತ್ತದೋ ಹೇಳಲಾಗುವುದಿಲ್ಲ. ಚೈನ್ ಸ್ಟೋರಿನಲ್ಲಿ, ಬೀಗದೊಳಗೆ. ತೆಗೆದುಕೊಳ್ಳಬೇಕಾದರೆ ರಿಜಿಸ್ಟರಿನಲ್ಲಿ ಬರೆಯಬೇಕು: ವ್ಯಾಗನ್ ನಂಬರ್, ದಿನಾಂಕ, ಕಾರಣ. ಕಾರಣ — ಕುಶನ್ ಒಳಗೆ ಸಿಕ್ಕಿದೆ. ಅದನ್ನು ನನ್ನ ಕೈಯಲ್ಲೇ ಬರೆಯುವುದಾದರೆ ಇಷ್ಟೆಲ್ಲಾ ಯಾಕೆ?

ಸ್ಟೋರಿನ ಬಾಗಿಲ ಮುಂದೆ ನಿಂತಿದ್ದೆ. ಬೀಗದ ಕೈ ಜೇಬಿನಲ್ಲಿತ್ತು. ನಿಂತು, ವಾಪಸ್ ಬಂದೆ.

"ನೀನು ಮುಂದೆ ಹೋಗಿ ಪಿನ್ ಮೇಲೆ ಸುತ್ತಿಗೆ ಹಾಕು," ಅಂದೆ. ಮುಂದೆ ಎಂದರೆ ಕಪ್ಲರಿಗೂ ಸ್ಟಾಪ್ ಬ್ಲಾಕಿಗೂ ನಡುವಿನ ಜಾಗ. ಒಬ್ಬ ಮನುಷ್ಯ ಅಡ್ಡ ನಿಲ್ಲುವಷ್ಟು. ಅವನು ಕಪ್ಲರ್ ನೋಡಿದ. ನನ್ನ ಬರಿಗೈ ನೋಡಿದ. ಹೋದ. ನಾನು ಪಕ್ಕದಲ್ಲಿ ನಿಂತೆ. ಪಕ್ಕದಲ್ಲಿ ನಿಂತರೆ ಏನೂ ಆಗುವುದಿಲ್ಲ, ನನಗೆ ಗೊತ್ತಿತ್ತು.

ಮೂರನೇ ಪೆಟ್ಟು ಬಿದ್ದದ್ದೇ ಕಪ್ಲರ್ ಹೊರಕ್ಕೆ ಚಿಮ್ಮಿತು. ನೂರೆಂಬತ್ತು ಮಿಲಿಮೀಟರ್. ಒಂದು ಗೇಣೂ ಇಲ್ಲ. ಅವನಿಗೆ ಕೂಗಲೂ ಆಗಲಿಲ್ಲ, ಉಸಿರೇ ಹೊರಗೆ ಹೋಗಿತ್ತು. ಎಂಜಿನ್ ತಂದು ವ್ಯಾಗನ್ ಹಿಂದಕ್ಕೆ ಎಳೆಯುವವರೆಗೆ ಹನ್ನೊಂದು ನಿಮಿಷ. ಅಷ್ಟೂ ಹೊತ್ತು ಎಚ್ಚರವಿತ್ತು. ನನ್ನ ತೋಳು ಹಿಡಿದುಕೊಂಡಿದ್ದ. ಎಂಜಿನ್ ಡ್ರೈವರಿಗೆ ನಾನು ಕೂಗಿದ್ದು — "ಮೆತ್ತಗೆ! ಮೆತ್ತಗೆ!"

ಸಾಯಬೇಕೆಂದು ಮಾಡಿದೆನೇ? ಇಲ್ಲ. ಸಾಯಬಾರದೆಂದು ಚೈನ್ ತಂದೆನೇ? ಅದೂ ಇಲ್ಲ.

ಜೂನ್ 20, ಶುಕ್ರವಾರ

ಆಸ್ಪತ್ರೆಯ ವಾರ್ಡಿಗೇ ರಿಜಿಸ್ಟ್ರಾರನ್ನು ಕರೆಸಿ ಮದುವೆಯಾದರು. ಪಕ್ಕದ ಹಾಸಿಗೆಯ ರೋಗಿ ಒಬ್ಬ ಸಾಕ್ಷಿ. ಇನ್ನೊಬ್ಬ ಸಾಕ್ಷಿ ನಾನು. ಸಹಿ ಹಾಕಿದೆ. ಅವನಿಗೆ ಸೊಂಟದ ಕೆಳಗೆ ಇನ್ನು ಏನೂ ಆಡುವುದಿಲ್ಲವೆಂದು ಡಾಕ್ಟರ್ ಹೇಳಿ ನಾಲ್ಕು ದಿನವಾಗಿತ್ತು.

ಮಗಳು ನನ್ನ ಕೈ ಹಿಡಿದು, "ಥ್ಯಾಂಕ್ಸ್ ಅಪ್ಪಾ. ನೀವು ಅಷ್ಟು ಹೊತ್ತೂ ಅವನನ್ನ ಹಿಡ್ಕೊಂಡಿದ್ರಂತೆ," ಅಂದಳು.

ಜುಲೈ 4, ಶುಕ್ರವಾರ

ಅವನ ಕ್ವಾರ್ಟರ್ಸ್ ಎರಡನೇ ಮಹಡಿ. ಲಿಫ್ಟ್ ಇಲ್ಲ. ಇವಳು ನನ್ನನ್ನು ಕೇಳಲಿಲ್ಲ. ಮುಂದಿನ ಕೋಣೆ ಖಾಲಿ ಮಾಡಿಸಿದಳು. ನನ್ನ ಕುರ್ಚಿ ಅಡುಗೆಮನೆಗೆ ಹೋಯಿತು, ಆ ಜಾಗಕ್ಕೆ ಮಂಚ ಬಂತು. ಮಂಚದ ಮೇಲೆ ಅವನು.

ಈ ಮನೆಗೆ ಬರಬಾರದು ಎಂದಿದ್ದೆ. ಬಂದ. ಇನ್ನು ಹೋಗುವುದೂ ಇಲ್ಲ.

ಆಗಸ್ಟ್ 17, ಭಾನುವಾರ

ಮಗಳು ಎರಡು ಶಿಫ್ಟ್ ಮಾಡುತ್ತಾಳೆ. ಇವಳು ಅವನನ್ನು ಹೊರಳಿಸಿ, ಒರೆಸಿ, ತಾನೇ ಸೊಂಟ ಹಿಡಿದುಕೊಂಡು ಕೂರುತ್ತಾಳೆ. ನಾನಿರುವ ಹೊತ್ತಿನಲ್ಲಿ ನೀರು ಕೊಡುವುದು ನನ್ನ ಕೆಲಸ. ಇವತ್ತು ಲೋಟವನ್ನು ಸ್ಟೂಲಿನ ಮೇಲೆ, ಅವನ ಬೆರಳ ತುದಿಗೆ ನಾಲ್ಕು ಬೆರಳು ದೂರದಲ್ಲಿಟ್ಟು ಪೇಪರ್ ಹಿಡಿದು ಕೂತೆ. ಗೇಜ್ ಇಲ್ಲದೆಯೂ ಅಳತೆ ಸರಿಯಾಗಿ ಬಂತು. ಎರಡು ಸಲ ಕೈ ಚಾಚಿದ. ಕೇಳಲಿಲ್ಲ. ಇಪ್ಪತ್ತು ನಿಮಿಷ. ಆಮೇಲೆ ನಾನೇ ಸರಿಸಿದೆ. "ಥ್ಯಾಂಕ್ಸ್ ಮಾವ" ಅಂದ.

ಯಾಕೆ ಮಾಡಿದೆ? ಅವನು ನನ್ನನ್ನು ಬೈಯಲಿ ಎಂದು. ಒಂದು ಸಲ ಬೈದರೆ ನನಗೂ ಸಲೀಸಾದೀತು.

ಮನೆಯಲ್ಲಿ ಯಾರೂ ನಗುವುದಿಲ್ಲ ಈಗ. ನಾನು ಬಯಸಿದ ಹಾಗೇ ಆಗಿದೆ.

ಸೆಪ್ಟೆಂಬರ್ 7, ಭಾನುವಾರ. ಬೆಳಿಗ್ಗೆ 11

ಈಗಷ್ಟೇ ಆದದ್ದು. ಇದ್ದ ಹಾಗೇ ಬರೆಯಬೇಕು.

ಇವಳು ಹೊರಗೆ ಹೋಗಿದ್ದಳು. ಮಗಳು ಹಿತ್ತಲಲ್ಲಿ ಅವನ ಬಟ್ಟೆ ಒಗೆಯುತ್ತಿದ್ದಳು. ನಲ್ಲಿಯ ಸದ್ದು ಕೇಳುತ್ತಿತ್ತು. ನಾನು ಅವನ ಬೆನ್ನಿಗೆ ದಿಂಬು ಇಡುತ್ತಿದ್ದೆ. ಅವನೇ ಶುರು ಮಾಡಿದ.

"ಮಾವ, ಒಂದು ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಗಾಜಿನ ಗಾಡಿ ಕುಶನ್ ಸತ್ತಿತ್ತು. ಅವತ್ತೇ ಗೊತ್ತಾಯ್ತು ನಂಗೆ. ಬಗ್ಗಿ ನೋಡಿದೆ, ಕಪ್ಲರ್ ಒಳಗೇ ಇತ್ತು."

ದಿಂಬು ಕೈಯಲ್ಲೇ ಉಳಿಯಿತು. "ಮತ್ತೆ ವಿಚಾರಣೇಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಇಪ್ಪತ್ತೊಂಬತ್ತು ವರ್ಷ ಮಾಡಿದ್ದು. ಅವಳಪ್ಪ ನೀವು. ನಂದೇನು, ಆರು ತಿಂಗಳು ಕೂಲಿ, ಆಮೇಲೆ ವಾಪಸ್ ತಗೋತಾರೆ ಅಂದ್ಕೊಂಡೆ. ವಯಸ್ಸಾಯ್ತು, ಕಣ್ಣು ಮಂಜಾಗಿರುತ್ತೆ, ಗೇಜ್ ತಪ್ಪಾಗಿ ಓದಿದ್ದಾರೆ ಪಾಪ ಅಂತ ಅನ್ನಿಸ್ತು. ಚೈನೂ ಅಷ್ಟೇ. ನಿಮ್ಮ ಕೈಲಿ ಇರ್ಲಿಲ್ಲ, ನೋಡಿದೆ. ಕೇಳಿದ್ರೆ ಅವಮಾನ ಆಗುತ್ತೆ ನಿಮಗೆ, ಹುಷಾರಾಗಿ ಹೊಡೆದ್ರಾಯ್ತು ಅಂತ ಒಳಗೆ ಹೋದೆ. ಯಾರಿಗೂ ಹೇಳಿಲ್ಲ, ಅವಳಿಗೂ. ನಂಗೆ ನಿಮ್ಮ ಬಾಯಿಂದ ಒಂದೇ ಮಾತು ಬೇಕು ಮಾವ. ಮಲಗಿದ್ದಲ್ಲೇ ಅದೇ ಯೋಚನೆ. ತಪ್ಪಾಗಿ ಓದಿದ್ರಿ... ಚೈನ್ ಮರೆತಿರಿ... ಅಷ್ಟೇ ಅಲ್ವಾ?"

ಹೂಂ ಅಂದರೆ ಮುಗಿಯುತ್ತಿತ್ತು. ಒಂದೇ ಅಕ್ಷರ. ಅವನು ಅದನ್ನು ನಂಬಲು ತಯಾರಾಗಿ ಕಾಯುತ್ತಿದ್ದ. ನಂಬಿ ಇನ್ನು ನಲವತ್ತು ವರ್ಷ ಈ ಮಂಚದ ಮೇಲೆ ನೆಮ್ಮದಿಯಿಂದ ಇರುತ್ತಿದ್ದ. ನಾನೂ ಇರುತ್ತಿದ್ದೆ.

ಆದರೆ ಆ 'ಪಾಪ'. ಐದು ತಿಂಗಳಿಂದ ಇವನು ನನ್ನನ್ನು ನೋಡುತ್ತಿದ್ದದ್ದು ಹಾಗೆ. ಕಣ್ಣು ಕಾಣದ ಮುದುಕ. ಗೇಜ್ ಓದಲು ಬಾರದವನು. ನಾನು!

"ನನ್ನ ಕಣ್ಣಿಗೆ ಏನೂ ಆಗಿಲ್ಲ," ಅಂದೆ. ದನಿ ಏರಿತ್ತು. "ಎಪ್ಪತ್ತು ಇತ್ತು. ಎಪ್ಪತ್ತು ಅಂತಲೇ ಓದಿದೆ. ನಾನು ಯಾವತ್ತೂ ತಪ್ಪಾಗಿ ಓದಿಲ್ಲ. ಸ್ಟೋರ್ ಬೀಗದ ಕೈಯೂ ನನ್ನ ಜೇಬಲ್ಲೇ ಇತ್ತು."

ಅವನು ಬೈಯಲಿಲ್ಲ. ಮುಖ ಬದಲಾಗಲೂ ಇಲ್ಲ. ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡಿದ.

ನಲ್ಲಿಯ ಸದ್ದು ಯಾವಾಗ ನಿಂತಿತ್ತೋ.

ತಿರುಗಿದೆ. ಮಗಳು ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದಳು, ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅಪ್ಪಾ ಅನ್ನುತ್ತಾಳೆ ಎಂದುಕೊಂಡೆ. ಅನ್ನಲಿಲ್ಲ. ನನ್ನನ್ನು ದಾಟಿ ಹೋಗಿ, ನನ್ನ ಕೈಯಲ್ಲಿದ್ದ ದಿಂಬು ತೆಗೆದುಕೊಂಡು, ಅವನ ಬೆನ್ನಿಗೆ ಇಟ್ಟಳು.

ಈಗ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಗೇಟಿನ ಸದ್ದಾಯಿತು, ಇವಳು ಬಂದಳು. ಮುಂದಿನ ಕೋಣೆಯಲ್ಲಿ ಮೂವರೂ ಇದ್ದಾರೆ. ಮಗಳು ಏನೋ ಹೇಳುತ್ತಿದ್ದಾಳೆ, ಮಾತು ಕೇಳಿಸುತ್ತಿಲ್ಲ. ಇವಳು ಒಂದು ಸಲ "ಏನು?" ಅಂದದ್ದು ಕೇಳಿಸಿತು. ಈಗ ಹೆಜ್ಜೆ ಸದ್ದು, ಈ ಕಡೆಗೇ. ಇವಳಿಗೆ ನಾನು ಏನಂತ —